ಪೈಲ್ವಾನನ ವಾಟ್ನಿ

ಬೈಲಹೊಂಗಲದ ಕಾಲೇಜಿನಲ್ಲಿ ವಿರೂಪಾಕ್ಷ ಇತಿಹಾಸ ಕಲಿಸುತ್ತಿದ್ದಷ್ಟು ಕಾಲ ಅವನ ಮಾತನ್ನು ಯಾರೂ ಕಿವಿಗೊಟ್ಟು ಕೇಳಲಿಲ್ಲ. ನಿವೃತ್ತನಾದ ಮೇಲೆ ಕೇಳುವವರು ಸಿಕ್ಕರು. ಅವರೆಲ್ಲ ಅಮೆರಿಕದಲ್ಲಿದ್ದರು, ಮತ್ತು ಅವರಿಗೆ ಬೇಕಾಗಿದ್ದದ್ದು ಇತಿಹಾಸವಲ್ಲ, ಅವನ ಅಪ್ಪ ಶಟ್ಟೆಪ್ಪ ಬಿಟ್ಟುಹೋಗಿದ್ದ ಕಾರು.

ಶಟ್ಟೆಪ್ಪ ಹತ್ತಿ ವ್ಯಾಪಾರಿ. ಹತ್ತಿಗೆ ಬಂಗಾರದ ಬೆಲೆ ಬಂದ ಒಂದು ವರ್ಷ ಮುಂಬೈಗೆ ಹೋದವನು, ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೊರಟಿದ್ದ ಯಾವನೋ ಅಮೆರಿಕದವನಿಂದ ಆ ಕಾರನ್ನು ಕೊಂಡು ತಂದಿದ್ದ. ಎರಡೇ ಬಾಗಿಲು, ಎಂಟು ಸಿಲಿಂಡರು, ಎಡಗಡೆಗೆ ಸ್ಟೇರಿಂಗು. ಇಂಥವನ್ನು ಆ ದೇಶದಲ್ಲಿ ಮಸಲ್ ಕಾರು ಎನ್ನುತ್ತಾರಂತೆ. ಕಟ್ಟುಮಸ್ತು ಕಾರು ಅಂತ. ಬೈಲಹೊಂಗಲದ ಗರಡಿಯ ಹುಡುಗರು ಅಷ್ಟು ಯೋಚನೆ ಮಾಡದೆ ಮೊದಲ ದಿನವೇ ಅದಕ್ಕೆ ಪೈಲ್ವಾನ ಎಂದು ಹೆಸರಿಟ್ಟರು. ಪೈಲ್ವಾನರು ಹಾಲು ಕುಡಿದ ಹಾಗೆ ಅದು ಪೆಟ್ರೋಲು ಕುಡಿಯಿತು. ಶಟ್ಟೆಪ್ಪ ಬಹಳ ವರ್ಷ ಧಾರವಾಡಕ್ಕೂ ಸವದತ್ತಿ ಗುಡ್ಡಕ್ಕೂ ಅದರಲ್ಲಿ ಮೆರೆದು, ಕಡೆಗೆ ಹತ್ತಿಯ ಕಾಳು ಬಿಡಿಸುವ ತನ್ನ ಜಿನ್ನಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ತಂದು ನಿಲ್ಲಿಸಿದ. ಅಲ್ಲಿ ಅದರ ಮೇಲೆ ಹತ್ತಿಕಾಳಿನ ಚೀಲ ಪೇರಿಸಿದರು, ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತು, ತುಕ್ಕು ಯಾರ ಅಪ್ಪಣೆಯನ್ನೂ ಕೇಳದೆ ತನ್ನ ಕೆಲಸ ಮಾಡಿಕೊಂಡು ಹೋಯಿತು.

ಹೊಲ, ಮನೆ, ಜಿನ್ನು ಎಲ್ಲವನ್ನೂ ಮಗ ವಿರೂಪಾಕ್ಷನಿಗೂ ಮಗಳು ಮಾಲಾಳಿಗೂ ತಕ್ಕಡಿಯಲ್ಲಿ ತೂಗಿದಂತೆ ಹಂಚಿದ ಶಟ್ಟೆಪ್ಪ, ಕಾರೊಂದನ್ನು ಮಾತ್ರ “ಇಬ್ರೂ ಕೂಡಿ ಇಟ್ಕೋರಿ” ಎಂದು ಹೇಳಿ ಕಣ್ಣು ಮುಚ್ಚಿದ. ಅದು ಮಕ್ಕಳ ಮೇಲಿನ ಪ್ರೀತಿಯೋ, ಹಳೆಯ ಯಾವುದಾದರೂ ಸಿಟ್ಟೋ, ಇಂದಿಗೂ ತೀರ್ಮಾನವಾಗಿಲ್ಲ.

ನಿವೃತ್ತಿಯ ನಂತರ ಮಾಡಲು ಕೆಲಸವಿಲ್ಲದ ವಿರೂಪಾಕ್ಷ ಒಂದು ಮಧ್ಯಾಹ್ನ ಚೀಲ ಇಳಿಸಿ, ಬೆಕ್ಕನ್ನು ಎಬ್ಬಿಸಿ, ಕಾರಿನ ಫೋಟೋ ತೆಗೆದು ಮೊಬೈಲಿನಲ್ಲಿ ಹಳೇ ಕಾರುಗಳ ಭಕ್ತಮಂಡಳಿಯೊಂದಕ್ಕೆ ಹಾಕಿದ. ಸಂಜೆಯೊಳಗೆ ಕಾಣದ ದೇಶದ ಜನ ಕೈಮುಗಿದು ಕೇಳಿಕೊಂಡರು: ದಯವಿಟ್ಟು ಅದನ್ನು ತೊಳೆಯಬೇಡಿ. ಒರೆಸಲೂ ಬೇಡಿ. ಅದು ಒರಿಜಿನಲ್.

ಆ ಶಬ್ದ ವಿರೂಪಾಕ್ಷನ ತಲೆಗೆ ಏರಿತು. ಮಂಡಳಿಯ ಸಿದ್ಧಾಂತವನ್ನು ಅವನು ಸಂಧ್ಯಾವಂದನೆಯ ಶ್ರದ್ಧೆಯಿಂದ ಓದಿಕೊಂಡ. ಕಾರು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಇರಬೇಕು. ಒಂದು ಎಳೆಯಷ್ಟೂ ಹೆಚ್ಚು ಚಂದವಾಗಕೂಡದು. ಆ ಕಾಲದ ಕಾರ್ಖಾನೆಗಳಲ್ಲಿ ಕಾರಿನ ತಳಕ್ಕೆ ಒಂದು ಕೈ ಕೆಂಗಂದು ಬಣ್ಣ ಉಗ್ಗಿ, ಅರ್ಧ ಕಡೆ ಅದೂ ತಲುಪದೆ, ಮುಂದಕ್ಕೆ ದೂಡಿಬಿಡುತ್ತಿದ್ದರಂತೆ. ಸಂಜೆಯ ಪಾಳಿಯವನು ಮನೆಗೆ ಹೋಗುವ ಅವಸರದಲ್ಲಿ ಸೋರಿಸಿದ ಬಣ್ಣದ ಹನಿಯೂ ಈಗ ಪರಂಪರೆ. ತುಕ್ಕು ಹಿಡಿಯದಂತೆ ಅಡಿಗೆ ಏನಾದರೂ ಬಳಿದರೆ ಸ್ಪರ್ಧೆಯಲ್ಲಿ ಅಂಕ ಕಡಿತ. ಯಾವನೋ ಪರದೇಶಿ ಕೆಲಸಗಾರನ ಅಸಡ್ಡೆಯನ್ನು ಕಾಪಾಡುವ ಹೊಣೆ ತನ್ನ ಮೇಲೆ ಬಿದ್ದಿದೆಯೆಂದು ವಿರೂಪಾಕ್ಷನಿಗೆ ರೋಮಾಂಚನವಾಯಿತು. ಅದೇ ಹೊತ್ತಿಗೆ, ದಸರೆಯ ನಂತರ ಕಿತ್ತೂರಿನಲ್ಲಿ ಹಳೇ ವಾಹನಗಳ ಮೇಳ ಮಾಡುವುದಾಗಿ ಒಂದು ಸಂಘದವರು ಸಾರಿದರು. ಬಹುಮಾನವೂ ಇತ್ತು.

ಅವನು ರಾಮದುರ್ಗದಿಂದ ಪರಸಪ್ಪನನ್ನು ಕರೆಸಿದ. ಪರಸಪ್ಪ ಲಾರಿಗಳ ಬಾಡಿ ಕಟ್ಟಿ ಬಣ್ಣ ಹೊಡೆಯುವವನು, ಮಾತಿನ ಮಲ್ಲ, ಯಾರು ಏನು ಹೇಳಿದರೂ “ಖರೇ ಐತ್ರಿ” ಎನ್ನುವುದರಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲಿರಲಿಲ್ಲ.

ಕೆಲಸ ಶುರುವಾದ ಸುದ್ದಿ ಸವದತ್ತಿಗೆ ಮುಟ್ಟಿತು. ಮಾಲಾ ಅಲ್ಲಿ ಬಣ್ಣ ಮತ್ತು ಹಾರ್ಡ್‌ವೇರಿನ ಅಂಗಡಿ ನಡೆಸುತ್ತಾಳೆ. ಗಂಡ ಶೋಭೆಗೆ ಗಲ್ಲಾದ ಮೇಲೆ ಕೂರುತ್ತಾನೆ. ಅಂಗಡಿಯ ಪಿಕಪ್ ಗಾಡಿಯನ್ನು ಆಕೆಯೇ ಓಡಿಸುತ್ತಾಳೆ. ಅದರಲ್ಲಿ ಕಪ್ಪು ದ್ರವದ ಡ್ರಮ್ಮುಗಳನ್ನು ಹೇರಿಕೊಂಡು ಬಂದು ಜಿನ್ನಿನ ಮುಂದೆ ಇಳಿದಾಗ ಪರಸಪ್ಪ ಕಾರಿನಡಿ ಅಂಗಾತ ಮಲಗಿದ್ದ.

“ಏನ್ ಮಾಡಾಕ ಹತ್ತೀಯೋ ಪರಸಪ್ಪ?”

“ಸೋರಸಾಕ ಹತ್ತೇನ್ರಿ ಅಕ್ಕಾರ.”

“ಏನ ಸೋರಸ್ತಿ?”

“ಬಣ್ಣಾ ರೀ. ಅಮೇರಿಕಾದಾಗ ಹಿಂಗ ಸೋರಿತ್ತಂತ, ಇಲ್ಲೂ ಸೋರಬೇಕಂತಾರ ಸಾಹೇಬರು. ಜಲ್ಮದಾಗ ಒಂದ ಹನಿ ಕೆಳಗ ಬೀಳಿಸಿದಾವಲ್ರಿ ನಾ. ನಮ್ಮ ಉಸ್ತಾದ ಕಂಡಿದ್ರ ಬ್ರಶ್ಶಿಲೇನ ಬಡೀತಿದ್ದ.”

ಮಾಲಾ ಬಗ್ಗಿ ಕಾರಿನ ತಳ ನೋಡಿದಳು. ಬೆರಳಿನಿಂದ ಒಂದು ಕಡೆ ಒತ್ತಿದಳು. ತಗಡು ಹಪ್ಪಳದಂತೆ ಮುರಿದು ಕೈಗೆ ಬಂತು.

“ಅಣ್ಣಾ, ಇದಕ್ಕ ಜಂಗು ಹಿಡದೈತಿ.”

“ಜಂಗಲ್ಲದು, ಪಟಿನಾ,” ಎಂದ ವಿರೂಪಾಕ್ಷ, ಮುರಿದ ಚೂರನ್ನು ಆಕೆಯ ಕೈಯಿಂದ ಮೆಲ್ಲಗೆ ಇಸಿದುಕೊಳ್ಳುತ್ತ. “ಕಾಲ ಹಚ್ಚಿದ ಬಣ್ಣ.”

“ನಮ್ಮ ಅಂಗಡ್ಯಾಗ ಅದಕ್ಕ ಜಂಗು ಅಂತಾರ. ಅದನ್ನ ತಿಕ್ಕಿ ತಗಿಯೂ ಕಾಗದಾ ಮಾರತೇನಿ ನಾ. ಸರಿ ನೀ, ಅಡೀಗೆಲ್ಲಾ ಈ ಕರೀ ಎಣ್ಣಿ ದಪ್ಪಗ ಹೊಡಸ್ತೇನಿ. ಇನ್ನ ನಲವತ್ತ ವರ್ಷ ನೀರ ಮುಟ್ಟೂದಿಲ್ಲ.”

“ಮಾಲಾ! ಹೂಲಿ ಗುಡಿ ನೋಡು. ಚಾಲುಕ್ಯರು ಕಟ್ಟಿದ್ದು ಕಟ್ಟಿದಂಗ ಐತಿ. ಯಾರರ ಅದಕ್ಕ ಡಾಂಬರ ಬಳದಾರೇನು?”

“ಹೂಲಿ ಗುಡಿ ಕಲ್ಲಿಂದಣ್ಣಾ. ಕಲ್ಲಿಗೆ ಜಂಗು ಹಿಡದಿದ್ದು ನಿನ್ನ ಇತಿಹಾಸದಾಗ ಎಲ್ಲೆರ ಐತೇನು?”

ವಿರೂಪಾಕ್ಷ ಪರಸಪ್ಪನ ಕಡೆ ನೋಡಿದ. “ಸಾಹೇಬರು ಅಂದಿದ್ದು ಖರೇ ಐತ್ರಿ,” ಎಂದ ಪರಸಪ್ಪ. ಮಾಲಾ ನೋಡಿದಳು. “ಅಕ್ಕಾರು ಅಂದಿದ್ದೂ ಖರೇ ಐತ್ರಿ.”

ಜಗಳ ಶೆಡ್ಡಿನಿಂದ ಅಂಗಳಕ್ಕೆ, ಅಂಗಳದಿಂದ ಅಡಿಗೆಮನೆಗೆ ಬಂತು. ಅಲ್ಲಿ ಅವರ ತಾಯಿ ಸುಂದರವ್ವ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಮಗ ಒರಿಜಿನಲ್ ಅಂದ, ಮಗಳು ಜಂಗು ಅಂದಳು. ಮಗ ಅಂಕ ಅಂದ, ಮಗಳು ನೀರು ಅಂದಳು. ಸುಂದರವ್ವ ಕೇಳುವಷ್ಟು ಕೇಳಿ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಹಂಗಾರ ಒಂದು ಕೆಲಸಾ ಮಾಡ್ರಿ. ಹೊಲಾ ವಾಟ್ನಿ ಮಾಡ್ಕೊಂಡಂಗ ಕಾರೂ ವಾಟ್ನಿ ಮಾಡ್ಕೋರಿ. ನಡುವ ಬದು ಹಾಕ್ರಿ. ಎಡಕಿನ ಬಾಜೂ ಅವಂದು, ಬಲಕಿನ ಬಾಜೂ ಈಕಿದು. ಒಬ್ಬಾವ ಸೋರಸ್ಕೊಂಡ ಕುಂದರ್ಲಿ, ಒಬ್ಬಾಕಿ ಬಳಕೊಂಡ ಕುಂದರ್ಲಿ. ನನ್ನ ತಲಿ ತಿನಬ್ಯಾಡ್ರಿ.”

ಆಕೆ ಅದನ್ನು ಹೇಳಿದ್ದು ಮಕ್ಕಳು ನಾಚಿಕೊಳ್ಳಲಿ ಎಂದು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ನ್ಯಾಯವಾದ ಮಾತು ತಮಗೆ ಹೊಳೆಯಲಿಲ್ಲವಲ್ಲ ಎಂಬ ಮೆಚ್ಚುಗೆ ಇಬ್ಬರ ಮುಖದಲ್ಲೂ ಇತ್ತು. ಸುಂದರವ್ವ ಹಣೆ ಬಡಿದುಕೊಂಡು ಮತ್ತೆ ಶೇಂಗಾಕ್ಕೆ ಕೈಹಾಕಿದಳು.

ಮರುದಿನ ಪರಸಪ್ಪ ಕಾರಿನ ತಳದಲ್ಲಿ ಮೂತಿಯಿಂದ ಬಾಲದವರೆಗೆ ದಾರ ಹಿಡಿದು ಸುಣ್ಣದ ಗೆರೆ ಹೊಡೆದ.

ಗೆರೆಯ ಎಡಕ್ಕೆ ಅಮೆರಿಕ. ಅಲ್ಲಿ ಕೊಳೆತ ತಗಡನ್ನು ಬದಲಿಸಲು ವಿರೂಪಾಕ್ಷ ಬಿಡಲಿಲ್ಲ. ಮೂಲ ತಗಡು ತೆಗೆದರೆ ಆಮೇಲೆ ಉಳಿಯುವುದೇನು ಎಂದ. ತೂತುಗಳ ಸುತ್ತ ಕೆಂಗಂದು ಬಣ್ಣವನ್ನು ಅಳತೆಯಿಂದ ಅಡ್ಡಾದಿಡ್ಡಿ ಉಗ್ಗಿಸಿದ. ಮಂಡಳಿಯವರು ಕಳಿಸಿದ ಚಿತ್ರ ನೋಡಿಕೊಂಡು, ಕಾರ್ಖಾನೆಯ ತಪಾಸಣೆಯವನು ಗೀಚುತ್ತಿದ್ದ ಗುರುತನ್ನು ಹಳದಿ ಮೇಣದ ಬಳಪದಲ್ಲಿ ತಾನೇ ಗೀಚಿದ. ಮೊದಲ ಸಲ ತೀರ ನೀಟಾಗಿ ಬಂತೆಂದು ಅಳಿಸಿ ಎಡಗೈಯಲ್ಲಿ ಬರೆದ. ಮೇಲ್ಮೈಯ ಕೆಂಪು ಬಣ್ಣ ಅಲ್ಲಲ್ಲಿ ಬಿರಿದಿತ್ತು. ಅದರ ಮೇಲೆ ಯಾರೂ ಕೈಯಿಡುವಂತಿರಲಿಲ್ಲ. ಅದು ಕಾರ್ಖಾನೆಯ ಕೆಂಪು ಎಂದು ಅವನು ಬಂದವರಿಗೆಲ್ಲ ಹೇಳಿ, ಕೇಳದವರಿಗೂ ಹೇಳಿದ.

ಗೆರೆಯ ಬಲಕ್ಕೆ ಸವದತ್ತಿ. ಮಾಲಾಳಿಗೆ ತಾಳ್ಮೆ ಕಡಿಮೆ. ಹಳೆಯ ತುಕ್ಕನ್ನು ಕೆರೆದು ತೆಗೆದು ಆಮೇಲೆ ಬಳಿಯಬೇಕೆಂದು ಡ್ರಮ್ಮಿನ ಮೇಲೆಯೇ ಬರೆದಿತ್ತು. ಅದನ್ನು ಗಿರಾಕಿಗಳಿಗೆ ಓದಿ ಹೇಳುವವಳೂ ಆಕೆಯೇ. ಆದರೆ ಸ್ವಂತ ಕೆಲಸಕ್ಕೆ ಯಾರು ಓದುತ್ತಾರೆ? ತುಕ್ಕಿನ ಮೇಲೆಯೇ ಕಪ್ಪನ್ನು ಹೋಳಿಗೆಯ ಮೇಲೆ ತುಪ್ಪ ಸುರಿದಂತೆ ಸುರಿಸಿದಳು. ಬಾಗಿಲ ಕೆಳಗಿನ ಟೊಳ್ಳು ಭಾಗದಲ್ಲಿ ಸಾಲಾಗಿ ಸಣ್ಣ ತೂತುಗಳಿದ್ದವು.

“ಇವು ನೀರ ಹೊರಗ ಹೋಗೂ ತೂತ್ರಿ,” ಎಂದ ಪರಸಪ್ಪ.

“ಹೊರಗ ಹೋಗೂ ತೂತಿನಾಗ ಒಳಗ ಬರೂದಿಲ್ಲೇನು? ಮುಚ್ಚು.”

“ಅದೂ ಖರೇ ಐತ್ರಿ,” ಎಂದು ಪರಸಪ್ಪ ಮುಚ್ಚಿದ.

ದೊಡವಾಡದ ಕಡೆಯಿಂದ ಸಂತೆಗೆ ಬಂದ ರೈತರು ಜಿನ್ನಿನ ಹತ್ತಿರ ಹಾಯುವಾಗ ನಿಂತು, ಬಗ್ಗಿ, ಒಂದೇ ಕಾರಿನ ಅಡಿಯಲ್ಲಿ ಎರಡು ಧರ್ಮ ನೋಡಿ ಹೋಗುತ್ತಿದ್ದರು. ಒಬ್ಬ ಮುದುಕ ಬಹಳ ಹೊತ್ತು ನೋಡಿ, “ಒಂದ ಬಾಜೂ ಎಮ್ಮಿ, ಒಂದ ಬಾಜೂ ಆಕಳ,” ಎಂದ. ವಿರೂಪಾಕ್ಷ ಅದನ್ನು ಹೊಗಳಿಕೆಯೆಂದು ತಿಳಿದ.

ಎಂಜಿನ್ನನ್ನೂ ಬ್ರೇಕನ್ನೂ ಧಾರವಾಡದ ಮೆಕ್ಯಾನಿಕನೊಬ್ಬ ಬಂದು ಎಬ್ಬಿಸಿಕೊಟ್ಟ. ಆದರೂ ಮಳೆಗಾಲ ಪೂರ್ತಿ ಕಾರನ್ನು ಹೊರಗೆ ತೆಗೆಯಲು ವಿರೂಪಾಕ್ಷ ಬಿಡಲಿಲ್ಲ. ಮಾಲಾ ಬಂದಾಗೆಲ್ಲ ಒಂದು ಸುತ್ತು ಓಡಿಸುತ್ತೇನೆ ಎನ್ನುತ್ತಿದ್ದಳು. ಎಡಗಡೆಯ ಸೀಟು ತನ್ನ ಪಾಲಿಗೆ ಬಂದಿದೆ, ಸ್ಟೇರಿಂಗು ತನ್ನದು ಎಂದು ಅವನು ಕಾನೂನು ಹೇಳುತ್ತಿದ್ದ. ಆಕೆ ತನ್ನ ಪಾಲಿನ ಬಲ ಸೀಟಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಕಿಟಕಿಯ ಗಾಜು ಏರಿಸಿ ಇಳಿಸಿ, ಎದ್ದು ಸವದತ್ತಿಗೆ ಹೋಗುತ್ತಿದ್ದಳು.

ಮೇಳದ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ವಿರೂಪಾಕ್ಷ ಎಡಕ್ಕೆ, ಮಾಲಾ ಬಲಕ್ಕೆ, ಹಿಂದೆ ಸುಂದರವ್ವ. ಆಕೆಯ ಮಡಿಲಲ್ಲಿ ತವರಾದ ಮುರಗೋಡದಿಂದ ಮದುವೆಯಲ್ಲಿ ಕೊಟ್ಟಿದ್ದ ಹಿತ್ತಾಳೆಯ ಪರಾತ. ಅದರ ತುಂಬ ರೊಟ್ಟಿ, ಪಕ್ಕದ ಡಬ್ಬಿಗಳಲ್ಲಿ ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ. ಕಾರು ಒಮ್ಮೆ ಗುಡುಗಿ, ಒಮ್ಮೆ ಕೆಮ್ಮಿ, ಕಿತ್ತೂರಿನ ದಾರಿ ಹಿಡಿಯಿತು.

ಅರ್ಧ ದಾರಿಯಲ್ಲಿ ಹಿಂಗಾರು ಮಳೆ ಎಲ್ಲಿತ್ತೋ, ಕೊಡ ಬಗ್ಗಿಸಿದಂತೆ ಬಂತು. ಒರೆಸುವ ಕಡ್ಡಿಗಳು ಒರಿಜಿನಲ್ಲಾದ್ದರಿಂದ ಎರಡು ಸಲ ಆಡಿ ವಿಶ್ರಾಂತಿ ತೆಗೆದುಕೊಂಡವು. ವಿರೂಪಾಕ್ಷನ ಕಾಲಿಗೆ ತಣ್ಣಗೆ ಏನೋ ಹತ್ತಿತು. ನೆಲದ ತೂತುಗಳಿಂದ ರಸ್ತೆಯ ನೀರು ಚಿಲುಮೆಯಂತೆ ಏಳುತ್ತಿತ್ತು. ಎದ್ದದ್ದು ಅದೇ ತೂತುಗಳಲ್ಲಿ ಇಳಿದೂ ಹೋಗುತ್ತಿತ್ತು.

ಮಾಲಾ ನಕ್ಕಳು. “ಅಮೇರಿಕಾದಾಗ ಹಿಂಗ ನೀರ ಬರತಿತ್ತಂತೇನಣ್ಣಾ?”

ನಗು ಮುಗಿಯುವ ಮೊದಲೇ ಮುಂದಿನ ಗಾಜಿನ ಸಂದಿಯಿಂದ ಸೋರಿದ ನೀರು ಆಕೆಯ ಕಡೆ ಇಳಿಯತೊಡಗಿತು. ಆಕೆಯ ಕಡೆ ತೂತೇ ಇರಲಿಲ್ಲ. ಬಂದ ನೀರು ಅಲ್ಲೇ ನಿಂತಿತು, ಏರಿತು, ಪಾದ ಮುಚ್ಚಿತು. ಆಕೆಯ ಚಪ್ಪಲಿ ತೇಲಿತು.

“ಮಾಲಾ, ಒಂದೀಟು ಮೀನ ಬಿಡಲೇನು?” ಎಂದ ವಿರೂಪಾಕ್ಷ.

ಹಿಂದೆ ಸುಂದರವ್ವ ಕಾಲು ಮಡಚಿ ಸೀಟಿನ ಮೇಲೆ ಪದ್ಮಾಸನ ಹಾಕಿದ್ದಳು. “ಒಬ್ಬಾವಂದು ಜರಡಿ, ಒಬ್ಬಾಕಿದು ಬಾನಿ. ನಾ ಯಾರ ಪಾಲಿಗೆ ಬಂದೇನೋ ಎಪ್ಪಾ, ಗೆರಿ ಮ್ಯಾಲ ಕುಂತೇನಿ.”

ಅಷ್ಟರಲ್ಲಿ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರು ಎದುರಾಯಿತು. ವಿರೂಪಾಕ್ಷ ಜೀವ ಬಿಟ್ಟು ಬ್ರೇಕು ತುಳಿದ. ಬ್ರೇಕು ಹತ್ತಿತು, ಕಾರು ನಿಂತಿತು, ಕಾಲು ಮಾತ್ರ ಮುಂದುವರಿಯಿತು. ಮೂಲ ತಗಡು ಹರಿದು ಅವನ ಹಿಮ್ಮಡಿ ಕಾರಿನಡಿಗೆ ಇಳಿದು ರಸ್ತೆಯ ಮೇಲೆ ಊರಿತು. ಹೊರಗೆ ಸುರಿವ ಮಳೆಯಲ್ಲಿ ಟ್ರ್ಯಾಕ್ಟರಿನವನು ಇಳಿದು ಬಂದು, ಕಾರಿನಿಂದ ಒಂದು ಕಾಲು ಬೆಳೆದಿರುವುದನ್ನು ನೋಡಿ ಏನು ಹೇಳಬೇಕೋ ತಿಳಿಯದೆ ನಮಸ್ಕಾರ ಮಾಡಿದ.

ಮಾಲಾ ಮತ್ತು ಟ್ರ್ಯಾಕ್ಟರಿನವನು ಕೂಡಿ ಕಾಲನ್ನು ಬಿಡಿಸಿದರು. ತುಕ್ಕಿನ ಅಂಚು ಹಿಮ್ಮಡಿಯ ಮೇಲೆ ಉದ್ದಕ್ಕೆ ಗೀರಿ ರಕ್ತ ಬರುತ್ತಿತ್ತು. ಮಾಲಾ ತನ್ನ ಓಢಣಿ ಹರಿದು ಕಟ್ಟಿದಳು. ಒಂದಕ್ಕೆರಡು ಗಂಟು ಬಿಗಿದಳು, ಸಾಲದೆಂದು ಮೂರನೆಯದನ್ನೂ ಬಿಗಿದಳು. ಬಾಯಿ ಮಾತ್ರ “ಪಟಿನಾ ಹತ್ತೇತಿ, ಒರಸಬ್ಯಾಡ” ಎಂದಿತು. ವಿರೂಪಾಕ್ಷನಿಗೆ ನಗು ಬಂತು, ನೋವಿಗೆ ಕಣ್ಣಲ್ಲಿ ನೀರೂ ಬಂತು.

“ಇನ್ನ ಗಾಡಿ ಯಾರ ಹೊಡೀತಾರ?” ಎಂದಳು ಸುಂದರವ್ವ.

ವಿರೂಪಾಕ್ಷ ಕುಂಟುತ್ತ ಸುತ್ತಿ ಬಂದು ಬಲಗಡೆಯ ಬಾನಿಯಲ್ಲಿ, ಗಾಯದ ಕಾಲನ್ನು ಮೇಲಕ್ಕೆತ್ತಿಕೊಂಡು ಕೂತ. ಸುಂದರವ್ವ ರೊಟ್ಟಿಯನ್ನು ಸೆರಗಿಗೆ ಸುರಿದುಕೊಂಡು ಪರಾತವನ್ನು ಮುಂದಕ್ಕೆ ಕೊಟ್ಟಳು. ಅದನ್ನು ತೂತಿನ ಮೇಲೆ ಬೋರಲು ಹಾಕಿ, ಅದರ ಮೇಲೆ ಕಾಲಿಟ್ಟು, ಮಾಲಾ ಸ್ಟೇರಿಂಗು ಹಿಡಿದಳು. ಪಿಕಪ್ಪಿನ ರೂಢಿ, ಗೇರೆಂದು ಮೊದಲು ಎಡಗೈಯಿಂದ ಬಾಗಿಲಿನ ಹಿಡಿಕೆ ತಿರುವಿದಳು. ಎರಡನೆಯ ಸಲ ಸರಿಯಾಗಿ ಸಿಕ್ಕಿತು. ಪೈಲ್ವಾನ ಕೆಮ್ಮಲಿಲ್ಲ. ಹೊಟ್ಟೆಯೊಳಗಿಂದ ಒಂದು ಹೂಂಕಾರ ಹೊರಡಿಸಿ ಎದ್ದು ಓಡಿತು.

ಮಳೆ ಸಣ್ಣಗಾದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ ಮಾಲಾ ಹೇಳಿದಳು: “ಸಾಲಿಗೆ ಹೋಗೂ ಮುಂದ ಒಮ್ಮೆ ಇಲ್ಲಿ ಕುಂತಿದ್ದೆ. ಅಪ್ಪ ರಟ್ಟಿ ಹಿಡದು ಇಳಿಸಿದ. ಹೆಣ್ಮಕ್ಕಳು ಇಲ್ಲಿ ಕುಂದರಬಾರದಂದ. ನಿನಗ ಕಲಿಸಿದ. ನಿನಗೇನ್ ಹುಚ್ಚ ಇರಲಿಲ್ಲ ಇದರದು, ಪುಸ್ತಕಾ ಹಿಡಕೊಂಡು ಹಿಂದಿನ ಸೀಟಿನಾಗ ಮಲಗತಿದ್ದಿ.”

“ಹೂಂ.”

“ಡಾಂಬರ ಬಳದ್ರ ಚಂದ ಕಾಣತೈತಿ ಅಂತೇನ್ ಬಳಿಸಲಿಲ್ಲಣ್ಣಾ. ಇನ್ನೊಂದಿಷ್ಟು ವರ್ಷ ಉಳದ್ರ ಎಂದರ ಒಂದಿನಾ ನೀ ಓಡಸಾಕ ಕೊಟ್ಟೀಯಂತ ಬಳಿಸಿದೆ.”

ವಿರೂಪಾಕ್ಷ ಉಪನ್ಯಾಸ ಬಿಟ್ಟು ನೇರ ಮಾತಾಡಿದ: “ನನಗೂ ಅಂಕಾ ಬೇಕಾಗಿರಲಿಲ್ಲ. ಶೆಡ್ಡಿನಾಗ ಬಾಗಲಾ ತಗದ್ರ ಅಪ್ಪನ ಬೀಡಿ ವಾಸನಿ ಇನ್ನೂ ಐತಿ ಇದರಾಗ. ತೊಳದ್ರ ಹೋಗತೈತಿ ಅನ್ನಿಸ್ತು.”

ಸುಂದರವ್ವ ಹಿಂದಿನಿಂದ ಇಬ್ಬರಿಗೂ ಒಂದೊಂದು ರೊಟ್ಟಿ ಕೊಟ್ಟಳು. ಅದು ಆಕೆಯ ಅಭಿಪ್ರಾಯ.

ಕಿತ್ತೂರಿನ ದವಾಖಾನೆಯಲ್ಲಿ ಧನುರ್ವಾಯುವಿನ ಇಂಜೆಕ್ಷನ್ನು ಚುಚ್ಚಿದರು. ಯಾವ ತಗಡು ತಗಲಿತು ಎಂದು ಡಾಕ್ಟರು ಕೇಳಿದ್ದಕ್ಕೆ ವಿರೂಪಾಕ್ಷ ಮಾದರಿಯ ವರ್ಷ ಹೇಳಹೋದ. ಮಾಲಾ ಅವನ ಬಾಯಿ ಮುಚ್ಚಿಸಿದಳು. ಮೇಳದ ಬಯಲಿಗೆ ಅವರು ಮುಟ್ಟಿದಾಗ ಬಿಸಿಲು ಬಿದ್ದಿತ್ತು. ಸುತ್ತ ಹಳೇ ಜೀಪುಗಳು, ಸ್ಕೂಟರುಗಳು, ಕನ್ನಡಿಯಂತೆ ತಿಕ್ಕಿದ ಕಾರುಗಳು. ತೀರ್ಪುಗಾರ್ತಿಯಾಗಿ ಬಂದವಳು ಪುಣೆಯ ಸ್ನೇಹಲ್ ಎಂಬ ತರುಣಿ. ಕೈಯಲ್ಲಿ ಉದ್ದ ಕೋಲು, ಕೋಲಿನ ತುದಿಗೆ ಕನ್ನಡಿ. ಅದನ್ನು ಕಾರಿನಡಿಗೆ ತೂರಿಸಿ ಆಕೆ ಎಡಗಡೆ ನೋಡಿದಳು, ಬಲಗಡೆ ನೋಡಿದಳು, ಮತ್ತೆ ಎಡಗಡೆ ನೋಡಿದಳು. ಮಳೆಗೂ ಪೂರ್ತಿ ಅಳಿಯದ ನಡುವಿನ ಸುಣ್ಣದ ಗೆರೆಯನ್ನು ಬಹಳ ಹೊತ್ತು ನೋಡಿದಳು.

“ಇದು ಎರಡು ಕಾರನ್ನು ಕೂಡಿಸಿದ್ದಾ ಸರ್?” ಎಂದು ಮೆತ್ತಗೆ ಕೇಳಿದಳು. ಬೆಳಗಾವಿಯಲ್ಲಿ ಓದಿದವಳು, ಕನ್ನಡ ಬರುತ್ತಿತ್ತು.

ವಿರೂಪಾಕ್ಷ ಒಂದೇ ಕಾಲಿನ ಮೇಲೆ ನಿಂತು ಒರಿಜಿನಲ್ಲಿನ ತತ್ವ ವಿವರಿಸಿದ. ಆಕೆ ಪುಣ್ಯಾತ್ಮಳು, ಪೂರ್ತಿ ಕೇಳಿದಳು. ಆಮೇಲೆ ಹಳದಿ ಬಳಪದ ಗುರುತು ಬೇರೆ ವರ್ಷದ ಬೇರೆ ಕಾರ್ಖಾನೆಯದು ಎಂದಳು. ಆಮೇಲೆ, ಬಾಗಿಲ ಅಂಚಿನಲ್ಲಿ ಕೆಂಪು ಬಿರಿದು ಎದ್ದ ಜಾಗವನ್ನು ತೋರಿಸಿದಳು. ಕೆಂಪಿನಡಿಯಲ್ಲಿ ಇನ್ನೊಂದು ಕೆಂಪು, ಅದರಡಿ ನೀಲಿ, ಅದರಡಿ ಮತ್ತೊಂದು ಕೆಂಪು, ಎಲ್ಲಕ್ಕೂ ಅಡಿಯಲ್ಲಿ ಹಳದಿ.

“ಕಾರ್ಖಾನೆ ಬಣ್ಣ ಹಳದಿ ಸರ್. ಈ ಕೆಂಪು ಕಾರಿನದಲ್ಲ. ಟ್ರ್ಯಾಕ್ಟರಿನದು ಅನ್ನಿಸುತ್ತದೆ.”

ವಿರೂಪಾಕ್ಷನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಮಾಲಾ ಕೂಡ ನಗಲಿಲ್ಲ. ಇಬ್ಬರೂ ತಾಯಿಯ ಕಡೆ ತಿರುಗಿದರು.

“ಹೌದಲಾ,” ಎಂದಳು ಸುಂದರವ್ವ. “ತಂದಾಗ ಹಳದಿ ಇತ್ತು, ನಿಮಗ ನೆನಪಿರೂ ವಯಸ್ಸಲ್ಲ. ವರ್ಷಾ ಜಂಗು ಹಿಡೀತಿತ್ತು. ದಸರಿಗೆ ಟ್ರ್ಯಾಕ್ಟರಿಗೆ ಬಣ್ಣಾ ಹೊಡದು ಉಳದಿದ್ದನ್ನ ನಿಮ್ಮಪ್ಪ ಇದಕ್ಕ ತಾನ ಹೊಡೀತಿದ್ದ. ಒಂದ ವರ್ಷ ಬಾಗಲದ ಬಣ್ಣಾ ಉಳದಿತ್ತು, ನೀಲಿ ಹೊಡದಾ.”

“ಮತ್ತ ನೀ ಯಾಕ ಹೇಳಲಿಲ್ಲಬೇ?”

“ನೀವು ಕೇಳಿದ್ರೇನು? ಒಬ್ಬಾವ ಅಮೇರಿಕಾದವರನ್ನ ಕೇಳಿದಿ, ಒಬ್ಬಾಕಿ ಡ್ರಮ್ಮ ಕೇಳಿದಿ.”

ಸ್ನೇಹಲ್ ಕನ್ನಡಿಯನ್ನು ಮತ್ತೊಮ್ಮೆ ತೂರಿಸಿದ್ದಳು. “ಇಲ್ಲಿ ಡ್ರೈವರ್ ಕೆಳಗೆ ಹಿತ್ತಾಳೆಯದು ಏನೋ ಇದೆಯಲ್ಲ?”

“ಅದು ನಂದಽ ಪರಾತ. ಒರಿಜಿನಲ್,” ಎಂದಳು ಸುಂದರವ್ವ. “ಅದಕ್ಕೆಷ್ಟು ಅಂಕಾ ಕೊಡ್ತಿ ಕೊಡು.”

ಬಹುಮಾನ ಬರಲಿಲ್ಲ. ಆದರೂ ಸ್ನೇಹಲ್ ಒಳ್ಳೆಯವಳು. ಹೊರಡುವ ಮುನ್ನ ಬಂದು ಉಪಾಯ ಹೇಳಿದಳು. ಮೇಲಿನ ಬಣ್ಣಗಳನ್ನೆಲ್ಲ ಕೆರೆಸಿ ತೆಗೆದು ಮೂಲ ಹಳದಿ ಹೊಡೆಸಿದರೆ ಮುಂದಿನ ವರ್ಷ ಖಂಡಿತ ಬರುತ್ತದೆ. ಕಾರ್ಖಾನೆಯ ಹಳದಿಯ ಸಂಖ್ಯೆ ತನ್ನ ಹತ್ತಿರ ಇದೆ.

ಮಾಲಾ ಅಣ್ಣನನ್ನು ನೋಡಿದಳು. ಒರಿಜಿನಲ್ಲೇ ತಾನಾಗಿ ನಡೆದು ಬಂದು ಮುಂದೆ ನಿಂತಿತ್ತು. ವಿರೂಪಾಕ್ಷ ಬಾಗಿಲ ಮೇಲಿನ ಕೆಂಪಿನ ಮೇಲೆ ಕೈಯಾಡಿಸಿದ. ಬ್ರಶ್ಶಿನ ಗೆರೆಗಳು ಕೈಗೆ ಹತ್ತುತ್ತಿದ್ದವು. ಒಂದು ಕಡೆ ದಪ್ಪ, ಒಂದು ಕಡೆ ತೆಳುವು, ಒಂದು ಕಡೆ ಸೋರಿ ಒಣಗಿದ ಹನಿ. ಶಟ್ಟೆಪ್ಪನಿಗೆ ಯಾವ ಕೆಲಸವನ್ನೂ ಪೂರ್ತಿ ಮುಗಿಸಿ ಗೊತ್ತಿರಲಿಲ್ಲ.

“ಬ್ಯಾಡ್ರಿ,” ಎಂದ. “ಕೆಂಪ ಇರಲಿ.”

ಮಂಡಳಿಗೆ ಅವನು ಇದನ್ನು ಪ್ರಾಮಾಣಿಕವಾಗಿ ಬರೆದ. ಟ್ರ್ಯಾಕ್ಟರಿನ ಬಣ್ಣ ಉಳಿಸಿಕೊಳ್ಳುವೆನೆಂದು ಬರೆದವನನ್ನು ಭಕ್ತರು ಎರಡು ದಿನ ಬೈದು, ಮೂರನೆಯ ದಿನ ಹೊರಗೆ ಹಾಕಿದರು. ಧರ್ಮಭ್ರಷ್ಟನಾಗುವ ಅನುಭವ ಅವನಿಗೆ ಹೊಸದು. ಒಂದು ಹೊತ್ತು ಊಟ ಬಿಟ್ಟ, ಸಂಜೆಗೆ ಹಸಿವಾಯಿತು.

ಪರಸಪ್ಪ ಮತ್ತೆ ಬಂದ. ಎಡಗಡೆಯ ತಗಡು ಎಲ್ಲರಿಗೂ ಕಾಣುವಂತೆ ಕೊಳೆತಿತ್ತು. ಬಲಗಡೆಯ ಕಪ್ಪನ್ನು ಕೆತ್ತಿದಾಗ ಅದರೊಳಗೆ ತಗಡೇ ಇರಲಿಲ್ಲ. ಕೆರೆಯದೆ ಬಿಟ್ಟ ತುಕ್ಕೂ ಒಳಗೇ ಸಿಕ್ಕ ನೀರೂ ಕೂಡಿ ತಿಂದು, ಕಪ್ಪು ಪದರವೊಂದೇ ಕಾರಿನ ಆಕಾರ ಹಿಡಿದು ನಿಂತಿತ್ತು. ಮಾಲಾ ಆ ಪದರವನ್ನು ಬೆರಳಿನಿಂದ ಒತ್ತಿದಳು. “ಡ್ರಮ್ಮಿನ ಮ್ಯಾಲ ಬರದಿತ್ತು,” ಎಂದಳು. “ಇಬ್ರೂದೂ ತಪ್ಪು ಖರೇ ಐತ್ರಿ,” ಎಂದ ಪರಸಪ್ಪ, ಜೀವನದಲ್ಲಿ ಮೊದಲ ಬಾರಿ ತೀರ್ಪು ಕೊಟ್ಟು ತಾನೇ ಬೆದರಿದ.

ತಳ ಪೂರ್ತಿ ಹೊಸ ತಗಡು ಬಂತು. ಕೆರೆದು, ತೊಳೆದು, ಒಣಗಿಸಿ, ತೆಳ್ಳಗೆ ಬಳಿದರು; ನೀರು ಹೋಗುವ ತೂತುಗಳನ್ನು ಬಿಟ್ಟರು. ಮೇಲೆ ಶಟ್ಟೆಪ್ಪನ ಕೆಂಪು ಹಾಗೇ ಉಳಿಯಿತು. ಗೆರೆ ಹೊಡೆಯುವ ಮಾತನ್ನು ಯಾರೂ ಎತ್ತಲಿಲ್ಲ.

ಕೆಲಸ ಮುಗಿದ ದಿನ ಪರಸಪ್ಪ ತಾನು ರಾಮದುರ್ಗಕ್ಕೆ ಬಸ್ಸಿನಲ್ಲಿ ಹೋಗುವುದಿಲ್ಲ, ಇದರಲ್ಲೇ ಬಿಡಬೇಕು ಎಂದು ಹಟ ಹಿಡಿದ. ಮಾಲಾ ಸ್ಟೇರಿಂಗಿಗೆ ಕೂತಳು. ವಿರೂಪಾಕ್ಷ ಪಕ್ಕಕ್ಕೆ, ಪರಸಪ್ಪ ಹಿಂದೆ ರಾಜನಂತೆ. ಮುರಗೋಡದ ಹತ್ತಿರ ಪೆಟ್ರೋಲಿಗೆ ನಿಲ್ಲಿಸಿದಾಗ ಪಂಪಿನ ಹುಡುಗಿಯೊಬ್ಬಳು ಕಾರನ್ನು ಸುತ್ತಿ ನೋಡಿ, “ಎಲ್ಲೀದ್ರಿ ಕಾಕಾ ಇದು?” ಎಂದು ಕೇಳಿದಳು.

ಕೇಳಬಾರದಿತ್ತು. ವಿರೂಪಾಕ್ಷ ಬಾಗಿಲು ತೆಗೆದು ಕೆಳಗಿಳಿದ. ಮೊದಲು ಹಳದಿ ತೋರಿಸಿದ, ನಂತರ ನೀಲಿ, ನಂತರ ಒಂದೊಂದು ಕೆಂಪಿನ ದಸರೆ. ಹುಡುಗಿ ತನ್ನ ಜೊತೆಯವಳನ್ನು ಕರೆದಳು. ಹಾಲಿನ ಗಾಡಿಯವನೊಬ್ಬ ನಿಂತ. ವಿರೂಪಾಕ್ಷ ಕಂಬಕ್ಕೆ ಒರಗಿ, ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆ ಒಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹತ್ತಿಯ ಬೆಲೆಯಿಂದ ಶುರುಮಾಡಿದ.

ಮಾಲಾ ದುಡ್ಡು ಕೊಟ್ಟು, ಅಣ್ಣ ಹತ್ತಿದ್ದಾನೆಂದುಕೊಂಡು, ಪಕ್ಕಕ್ಕೂ ನೋಡದೆ ಗೇರು ಹಾಕಿದಳು. ಊರು ದಾಟಿ ಒಂದು ಏರು ಹತ್ತಿದ ಮೇಲೆ ಪರಸಪ್ಪ ಮೆಲ್ಲಗೆ, “ಅಕ್ಕಾರ, ಸಾಹೇಬರು ಇಲ್ರಿ,” ಎಂದ.

ಆಕೆ ಪಕ್ಕದ ಸೀಟು ನೋಡಿದಳು. ಮುಂದೆ ರಸ್ತೆ ಖಾಲಿಯಿತ್ತು, ಎರಡೂ ಕಡೆ ಬಿಳಿಜೋಳ ಮೊಣಕಾಲೆತ್ತರ ಬಂದಿತ್ತು.

“ಇರಲಿ, ಅವನ ಪಾಠ ಮುಗೀಲಿ,” ಎಂದು ಮಾಲಾ ಕಿಟಕಿಯ ಗಾಜು ಇಳಿಸಿ ಕಾಲು ಒತ್ತಿದಳು. ಒಂದು ದೊಡ್ಡ ಸುತ್ತು ಹಾಕಿ, ಪರಸಪ್ಪನ ಪ್ರಾಣ ಬಾಯಿಗೆ ತಂದು, ಮತ್ತೆ ಪಂಪಿಗೆ ಮರಳಿದಾಗ ಇನ್ನೂ ನಾಲ್ಕು ಜನ ಹೆಚ್ಚಾಗಿದ್ದರು. ಕಾರು ಹೋದದ್ದಾಗಲಿ ಬಂದದ್ದಾಗಲಿ ವಿರೂಪಾಕ್ಷನ ಗಮನಕ್ಕೆ ಬಂದಿರಲಿಲ್ಲ. ಪಾಠದಲ್ಲಿ ಅವನಿನ್ನೂ ಮುಂಬೈ ಮುಟ್ಟಿರಲಿಲ್ಲ.